ನೆರಳಿಗೆ ನಿಲ್ಲಿಸಿದ ಸೈಕಲ್

ಹೋದ ತಿಂಗಳು ಸುದ್ದಗುಂಟೆಪಾಳ್ಯದ ತಿರುವಿನಲ್ಲಿ ನನ್ನ ಹಳೇ ಸ್ಕೂಟರಿನ ಹಿಂದಿನ ಚಕ್ರ ಗಾಳಿ ಬಿಟ್ಟು ಕುಳಿತಿತು. ಬಿಸಿಲಲ್ಲಿ ತಳ್ಳಿಕೊಂಡು ಹೋಗಿ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವನು ಟ್ಯೂಬನ್ನು ಹೊರಗೆಳೆದು ನೀರಿನ ಬೋಗುಣಿಯಲ್ಲಿ ಅದ್ದಿದ, ಗುಳ್ಳೆ ಎದ್ದ ಜಾಗವನ್ನು ಒರೆಸಿ ಉಜ್ಜಿದ, ಆಮೇಲೆ ತೇಪೆ ಅಂಟಿಸುವ ಸಲ್ಯೂಷನ್ನಿನ ಮುಚ್ಚಳ ತೆಗೆದ. ಆ ವಾಸನೆ ಬಂದದ್ದೇ ತಡ, ನನ್ನ ಕಣ್ಣು ತುಂಬಿಕೊಂಡಿತು.

"ಯಾಕ್ ಮೇಡಂ, ವಾಸನೆ ಆಗಲ್ವಾ? ಹೋಗಿ ನೆರಳಲ್ಲಿ ಕೂತ್ಕೊಳ್ಳಿ" ಎಂದ ಅವನು.

ಆಗದೆ ಏನು! ಒಂದು ಕಾಲಕ್ಕೆ ಅದು ನಮ್ಮ ಮನೆಯ ವಾಸನೆ. ಊದುಬತ್ತಿಗಿಂತ ಹೆಚ್ಚಾಗಿ ಆ ಮನೆಯಲ್ಲಿ ತುಂಬಿದ್ದದ್ದು ರಬ್ಬರು ಮತ್ತು ಸಲ್ಯೂಷನ್ನಿನ ವಾಸನೆ. ನೆರಳಲ್ಲಿ ಕುಳಿತು ಮೂಗು ಒರೆಸಿಕೊಂಡೆ. ಎರಡು ಸಾವಿರದ ಆರನೇ ಇಸವಿಯ ಆ ಬೇಸಿಗೆ ಕೇಳದೆಯೇ ಬಂದು ಪಕ್ಕದಲ್ಲಿ ಕುಳಿತುಕೊಂಡಿತು.

ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಗೋಡೆಯಿಂದ ಎರಡು ಬೀದಿ ಈಚೆಗೆ ನನ್ನ ಮಾವನ ಮನೆ ಇತ್ತು. ಮಾವ ಎಂದರೆ ಗಂಡನ ಅಪ್ಪ, ಪುಟ್ಟಸ್ವಾಮಿ. ಬಸ್ ಡಿಪೋದ ಟೈರ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಬೀದಿಗೆಲ್ಲ ಅವರು ಟೈರ್ ಪುಟ್ಟಸ್ವಾಮಣ್ಣ. ಯಾರ ಗಾಡಿ ಕಂಡರೂ ಹೆಬ್ಬೆಟ್ಟಿನಿಂದ ಟೈರನ್ನು ಒತ್ತಿ ನೋಡದೆ ಮುಂದೆ ಹೋಗುತ್ತಿರಲಿಲ್ಲ. "ಗೇಜು ಸುಳ್ಳು ಹೇಳ್ಬೋದು, ಹೆಬ್ಬೆಟ್ಟು ಹೇಳಲ್ಲ" ಎನ್ನುತ್ತಿದ್ದರು. ಬಿಸಿಲಲ್ಲಿ ಸೈಕಲ್ ನಿಂತಿದ್ದರಂತೂ ಅವರಿಗೆ ಜೀವ ತಡೆಯುತ್ತಿರಲಿಲ್ಲ. ಹಾಲಿನವನದಾಗಲಿ, ಪೇಪರಿನವನದಾಗಲಿ, ತಳ್ಳಿಕೊಂಡು ಹೋಗಿ ಹೊಂಗೆ ಮರದ ಕೆಳಗೆ ನಿಲ್ಲಿಸಿಬಿಡುವರು. ಒಮ್ಮೆ ಪೋಸ್ಟ್‌ಮನ್ ತನ್ನ ಸೈಕಲ್ ಕಳುವಾಯಿತೆಂದು ಬೀದಿಯೆಲ್ಲ ಕೂಗಾಡಿದ. ಮಾವ ನಿಧಾನವಾಗಿ ಹೊರಗೆ ಬಂದು, "ಕಾದ್ರೆ ಗಾಳಿ ಹಿಗ್ಗತ್ತೆ ಕಣಪ್ಪ, ಟ್ಯೂಬ್ ಹೊಡೆದೋಗತ್ತೆ. ಅಲ್ಲಿದೆ ನೋಡು" ಎಂದು ಮರದ ಕಡೆ ಕೈ ತೋರಿಸಿದರು.

ನನ್ನ ಗಂಡ ಗಿರೀಶ ಎರಡು ಸಾವಿರದ ನಾಲ್ಕರಲ್ಲಿ ಇನ್ನೊಬ್ಬಳ ಜೊತೆ ಬನಶಂಕರಿಯಲ್ಲಿ ಮನೆ ಮಾಡಿದ. ಹೇಗೆ, ಏಕೆ ಎಂದು ಬರೆಯುವ ಆಸೆ ನನಗಿಲ್ಲ. ಬರೆದರೆ ಅವನಿಗೇ ಹೆಚ್ಚು ಜಾಗ ಸಿಗುತ್ತದೆ. ಹೋಗುವ ದಿನ ಅವನು ಹೇಳಿದ ಒಂದು ಮಾತನ್ನು ಮಾತ್ರ ಹೇಳಲೇಬೇಕು. "ನಿನ್ ಕೈಲಿ ಶುರು ಮಾಡಿದ್ದನ್ನ ಮುಗಿಸೋಕಾಗಲ್ಲ. ಟೈಲರಿಂಗ್ ಅರ್ಧ, ಎಂಎ ಅರ್ಧ, ಈಗ ಸಂಸಾರಾನೂ ಅರ್ಧ." ಮಾವ ಜಗಲಿಯಲ್ಲಿದ್ದರು, ಅದನ್ನು ಕೇಳಿಸಿಕೊಂಡರು.

ಕೋರ್ಟಿನ ಕಾಗದಕ್ಕೆ ಇಬ್ಬರೂ ಸಹಿ ಹಾಕಿ ಬಂದ ದಿನ ನಾನು ಬಟ್ಟೆ ಜೋಡಿಸಿಕೊಂಡು ಹೊರಟೆ. ಮಾವ ಬಾಗಿಲಿಗೆ ಅಡ್ಡಲಾಗಿ ಕುಳಿತು ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಎಲ್ಲಿಗವ್ವ?"

"ಮಂಡ್ಯಕ್ಕೆ ಮಾವ. ಅಮ್ಮನ ಮನೆಗೆ."

"ಬಿಟ್ಟೋದೋನು ಅವನು. ನೀನ್ಯಾಕೆ ಹೋಗ್ಬೇಕು? ಕೆಲಸ ಇಲ್ಲಿ, ಮನೆ ಇಲ್ಲಿ. ಒಳಗೆ ಹೋಗಿ ಟೀ ಇಡು. ನಂಗೂ ಒಂದು ಲೋಟ."

ಅಷ್ಟೇ. ಹೆತ್ತ ಮಗನನ್ನು ಬಿಟ್ಟು, ಇನ್ನು ಸೊಸೆಯೂ ಅಲ್ಲದ ನನ್ನ ಪಕ್ಷಕ್ಕೆ ಆ ಮನುಷ್ಯ ನಿಂತದ್ದು ಹೀಗೆ, ಟೀ ಕೇಳುತ್ತ. ಬೀದಿಯವರು ಒಂದಷ್ಟು ದಿನ ಬಾಯಿಗೆ ಬಂದದ್ದು ಆಡಿಕೊಂಡರು. ಗೌರಿ ಹಬ್ಬಕ್ಕೆ ಗಿರೀಶ ಸಿಹಿ ಹಿಡಿದುಕೊಂಡು ಬಂದಾಗ ಮಾವ ಗೇಟಿನ ಹೊರಗೇ ಮಾತಾಡಿ, ಹೊರಗಿನಿಂದಲೇ ಕಳಿಸಿದರು.

ನಾನು ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೆ. ಕೆಲಸಕ್ಕೆ ಹೋಗುವುದು, ಬಂದು ಮಲಗುವುದು. ಭಾನುವಾರವಂತೂ ಏಳುತ್ತಲೇ ಇರಲಿಲ್ಲ. ಹೀಗೇ ಒಂದು ಭಾನುವಾರ ಮಾವ ಅರ್ಜಿಯೊಂದನ್ನು ತಂದು ದಿಂಬಿನ ಪಕ್ಕ ಇಟ್ಟರು. ಜಯನಗರದ ಈಜುಕೊಳದ್ದು, ಹೆಂಗಸರ ಬ್ಯಾಚು.

"ನಂಗೆ ಈಜು ಬರಲ್ಲ ಮಾವ."

"ಬರಲ್ಲ ಅಂತಾನೇ ಕಲಿಸೋದು. ಬರೋರಿಗೆ ಯಾರಾದ್ರೂ ಕಲಿಸ್ತಾರಾ?"

ಮೊದಲ ದಿನ ನನ್ನ ಹೆಗಲಿಗೆ ಗಾಳಿ ತುಂಬಿದ ಒಂದು ಹಳೇ ಟ್ಯೂಬನ್ನೂ ನೇತುಹಾಕಿ ಕಳಿಸಿದ್ದರು. ಕೋಚ್ ಕಲಾವತಿ ಮೇಡಂ ಅದನ್ನು ನೋಡಿ, "ಏನ್ರೀ ಸುನಂದಾ, ಕೆರೆಗೆ ಬಂದಿದೀರಾ?" ಎಂದು ನಕ್ಕರು. ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು. ಆ ಸಿಟ್ಟಿಗೇ ಟ್ಯೂಬ್ ಬಿಸಾಕಿ ನೀರಿಗಿಳಿದೆ. ನೀರು ಕುಡಿದೆ, ಕೆಮ್ಮಿದೆ, ಅತ್ತೆ. ನೀರಲ್ಲಿ ಅತ್ತರೆ ಯಾರಿಗೂ ತಿಳಿಯುವುದಿಲ್ಲ, ಅದೊಂದು ಅನುಕೂಲ. ಆರು ತಿಂಗಳಲ್ಲಿ ನಿಲ್ಲಿಸದೆ ಈಜುವಂತಾದೆ.

ಡಿಸೆಂಬರಿನಲ್ಲಿ ಕಲಾವತಿ ಮೇಡಂ ಒಂದು ಸುದ್ದಿ ತಂದರು. ಏಪ್ರಿಲ್‌ನಲ್ಲಿ ಕನಕಪುರ ರಸ್ತೆಯ ಕಡೆ ಒಂದು ಟ್ರಯಥ್ಲಾನ್ ಇದೆಯಂತೆ. ಈಜು, ಸೈಕಲ್ಲು, ಓಟ, ಮೂರೂ ಒಂದರ ಬೆನ್ನಿಗೆ ಒಂದು, ನಡುವೆ ವಿಶ್ರಾಂತಿ ಇಲ್ಲ. ಹೊಸಬರಿಗೆಂದೇ ಸಣ್ಣ ದೂರದ್ದು: ಕೊಳದಲ್ಲಿ ಹದಿನಾರು ಸಲ ಆ ದಡ ಈ ದಡ, ಹದಿನೈದು ಕಿಲೋಮೀಟರ್ ಸೈಕಲ್, ಮೂರು ಕಿಲೋಮೀಟರ್ ಓಟ. ಮನೆಗೆ ಬಂದು ಇದನ್ನು ತಮಾಷೆಯಾಗಿ ಮಾವನಿಗೆ ಹೇಳಿದೆ. ನನಗೆ ಸೈಕಲ್ಲೇ ಬರುತ್ತಿರಲಿಲ್ಲ. ಮಾವ ನಗಲಿಲ್ಲ.

"ಮುಗಿಸ್ತೀಯಾ?" ಎಂದರು.

"ಶುರು ಮಾಡೋದೇ ಗೊತ್ತಿಲ್ಲ..."

"ಶುರು ಮಾಡೋದು ನಂಗೆ ಬಿಡು. ಮುಗಿಸ್ತೀಯಾ ಹೇಳು."

ಗಿರೀಶನ ಮಾತು ನನ್ನೊಬ್ಬಳಿಗೇ ಚುಚ್ಚಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಮುಗಿಸ್ತೀನಿ ಎಂದೆ.

ಡಿಪೋದ ಗೆಳೆಯರೊಬ್ಬರ ಮಗಳು ಓಡಿಸಿ ಬಿಟ್ಟಿದ್ದ ಸೈಕಲ್ಲನ್ನು ಮಾವ ತಂದರು. ಒಂದು ವಾರ ಅದನ್ನು ಬಿಚ್ಚಿ ಹರಡಿಕೊಂಡು ಕುಳಿತರು. ಭಾರ ಕಡಿಮೆಯಾಗಬೇಕೆಂದು ಮೇಡಂ ಹೇಳಿದ್ದಕ್ಕೆ ಕ್ಯಾರಿಯರ್ ತೆಗೆದರು, ಸ್ಟ್ಯಾಂಡ್ ತೆಗೆದರು, ಮಡ್‌ಗಾರ್ಡ್, ಬೆಲ್ಲು ಎಲ್ಲ ತೆಗೆದರು. ಹಿಂದಿನ ಚಕ್ರದ ಬೀಗವನ್ನು ಮಾತ್ರ ಏನು ಹೇಳಿದರೂ ತೆಗೆಯಲಿಲ್ಲ. "ಬೀಗ ಇಲ್ದಿರೋ ಸೈಕಲ್ಲು ಊರಿನ ಸೈಕಲ್ಲು" ಎಂದರು.

ಜನವರಿಯ ಚಳಿಯಲ್ಲಿ, ಬೆಳಗ್ಗೆ ಐದೂವರೆಗೆ, ಮೂವತ್ತಮೂರು ವರ್ಷದ ನಾನು ಚೂಡಿದಾರ್ ಹಾಕಿಕೊಂಡು ಮೈದಾನದಲ್ಲಿ ಸೈಕಲ್ ಕಲಿತೆ. ಮಾವ ಮಂಕಿಕ್ಯಾಪ್ ಹಾಕಿಕೊಂಡು ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ಅರವತ್ತೆರಡು ದಾಟಿದವರು. ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು. "ಮುಂದೆ ನೋಡವ್ವ, ಅವರನ್ನೇನು ನೋಡ್ತೀಯ, ಅವರು ಬೀಳಲ್ಲ, ನೀನು ಬೀಳ್ತೀಯ!" ಎಂದು ಕೂಗುವರು. ಹದಿನೈದು ದಿನಕ್ಕೆ ನಾನು ಕಲಿತೆ, ಅವರ ಬಲ ಮೊಣಕಾಲು ಊದಿಕೊಂಡಿತು. ಎಣ್ಣೆ ಕಾಯಿಸಿ ಕೊಟ್ಟರೆ, "ನಂದೂ ಹಳೇ ಟೈರು, ತೇಪೆ ಹಾಕಿದ್ರೆ ಓಡತ್ತೆ" ಎನ್ನುವರು. ಅದು ಮತ್ತೆ ಸರಿಹೋಗಲೇ ಇಲ್ಲ. ಕುಂಟು ಹಾಗೇ ಉಳಿಯಿತು.

ಆ ಮೂರು ತಿಂಗಳು ನನ್ನ ಬದುಕಿನ ಸುಖದ ದಿನಗಳು ಎಂದರೆ ಯಾರೂ ನಂಬಲಾರರು. ದಿನಾ ಬೆಳಗ್ಗೆ ನಾನು ಏಳುವ ಹೊತ್ತಿಗೆ ಸೈಕಲ್ ಒರೆಸಿ, ಗಾಳಿ ಹೊಡೆದು, ಬಾಗಿಲಲ್ಲಿ ನಿಲ್ಲಿಸಿರುತ್ತಿತ್ತು. ಮಾವ ಹೆಬ್ಬೆಟ್ಟಿನಿಂದ ಟೈರನ್ನು ಕೊನೆಯದಾಗಿ ಒಮ್ಮೆ ಒತ್ತಿ "ಹೂಂ, ಹೊರಡು" ಎನ್ನುವರು. ಅದಾಗದೆ ನಾನು ಹೊರಡುತ್ತಿರಲಿಲ್ಲ. ಜೆ.ಪಿ. ನಗರ ದಾಟಿ ಕನಕಪುರ ರಸ್ತೆಯಲ್ಲಿ ಹೋಗಿ ತಿರುಗಿ ಬರುವಷ್ಟರಲ್ಲಿ ಒಲೆಯ ಮೇಲೆ ಸ್ನಾನದ ನೀರು ಕಾದಿರುತ್ತಿತ್ತು.

ಸ್ಪರ್ಧೆಯ ದಿನ ಬೆಳಗ್ಗೆ ಆರೂವರೆಗೆ ಶುರು ಎಂದಿದ್ದರು. ಉದ್ಘಾಟನೆಗೆ ಬರಬೇಕಾದ ದೊಡ್ಡ ಮನುಷ್ಯರು ಬಂದದ್ದು ಎಂಟೂವರೆಗೆ. ಮೊದಲು ಗಂಡಸರನ್ನು ಬಿಟ್ಟರು. ಹೆಂಗಸರು ನಾವು ಒಂಬತ್ತೇ ಜನ, ನಮ್ಮ ಸರದಿ ಬರುವಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ನೆಲಕ್ಕೆ ಗಳು ನೆಟ್ಟು, ಅಡ್ಡಲಾಗಿ ಬಿದಿರು ಕಟ್ಟಿ, ಅದಕ್ಕೆ ನಮ್ಮ ಸೈಕಲ್ಲುಗಳನ್ನು ಒರಗಿಸಿದ್ದರು. ಸುತ್ತ ಕಟ್ಟಿದ್ದ ಹಗ್ಗದೊಳಗೆ ಹೊರಗಿನವರು ಬರುವಂತಿಲ್ಲ. ಆದರೆ ಖಾಕಿ ಅಂಗಿ ಹಾಕಿಕೊಂಡು ಎಲ್ಲರ ಟೈರುಗಳನ್ನೂ ಹೆಬ್ಬೆಟ್ಟಿನಿಂದ ಒತ್ತಿ ನೋಡುತ್ತಿದ್ದ ಮಾವನನ್ನು ಅಲ್ಲಿನವರು ಮೆಕ್ಯಾನಿಕ್ ಎಂದುಕೊಂಡಿದ್ದರು. ಒಬ್ಬರಂತೂ ಅವರಿಗೆ ಕಾಫಿ ತಂದುಕೊಟ್ಟರು. ಮಾವ ಕುಡಿದರು.

"ಮುಗಿಸ್ಕೊಂಡು ಬಾ" ಎಂದರು ನನಗೆ. "ಮುಂದೆ ಯಾರಿದಾರೆ, ಹಿಂದೆ ಯಾರಿದಾರೆ ನೋಡ್ಬೇಡ."

ಹದಿನಾರು ಸಲ ಈಜಿ ಮೇಲೆ ಬಂದಾಗ ಯಾರೋ ಕೂಗಿದರು, "ನಾಲ್ಕನೆಯವರು!" ನನಗೆ ನಂಬಿಕೆಯೇ ಆಗಲಿಲ್ಲ. ಒಂಬತ್ತು ಜನರಲ್ಲಿ ನಾನು ನಾಲ್ಕನೆಯವಳು! ತಲೆ ತಗ್ಗಿಸಿಕೊಂಡು, ನೀರು ಸೋರಿಸುತ್ತ ಬಿದಿರಿನ ಕಡೆ ಓಡಿದೆ. ನನ್ನ ಜಾಗದಲ್ಲಿ ನನ್ನ ಬೂಟು ಇತ್ತು, ಸೈಕಲ್ ಇರಲಿಲ್ಲ.

ಅತ್ತ ಓಡಿದೆ, ಇತ್ತ ಓಡಿದೆ. ಐದನೆಯವಳು ಬಂದು ಸೈಕಲ್ ಎಳೆದುಕೊಂಡು ಹೋದಳು. ಆರನೆಯವಳು ಹೋದಳು. "ನನ್ ಸೈಕಲ್ಲು, ನನ್ ಸೈಕಲ್ಲು" ಎಂದು ಕಿರುಚಿದೆ. ಕೊನೆಗೆ ಹಗ್ಗ ಕಾಯುತ್ತಿದ್ದವನೊಬ್ಬ, "ಮೆಕ್ಯಾನಿಕ್ ಅಂಕಲ್ ಆ ಮರದ ಹತ್ರ ತಗೊಂಡೋದ್ರು ಮೇಡಂ" ಎಂದ. ನೋಡಿದರೆ ಐವತ್ತು ಹೆಜ್ಜೆ ಆಚೆ ಹೊಂಗೆ ಮರದ ನೆರಳಲ್ಲಿ ನನ್ನ ಸೈಕಲ್ ತಣ್ಣಗೆ ಒರಗಿಕೊಂಡಿದೆ. ಓಡಿಹೋಗಿ ಎಳೆದೆ. ಚಕ್ರಕ್ಕೆ ಬೀಗ ಹಾಕಿತ್ತು.

ಮಾವ ಎಲ್ಲಿದ್ದರೆಂದರೆ, ಕೊಳದ ಮೆಟ್ಟಿಲ ಬಳಿಯೇ ಇದ್ದರು. ಒದ್ದೆ ಬಟ್ಟೆಯಲ್ಲಿ ಮೇಲೆ ಬರುವ ಸೊಸೆಗೆ ಹೊದೆಯಲು ಟವೆಲ್ ಹಿಡಿದು ನಿಂತಿದ್ದರು. ಹಾಗೆ ಬರುವವಳನ್ನು ಮಾವನಾದವನು ನೋಡಬಾರದೆಂದು ಕೊಳಕ್ಕೆ ಬೆನ್ನು ತಿರುಗಿಸಿ, ಟವೆಲ್ಲನ್ನು ಹಿಂದಕ್ಕೆ ಚಾಚಿ ನಿಂತಿದ್ದರು. ನಾನು ಅವರ ಬೆನ್ನ ಹಿಂದಿನಿಂದಲೇ ಓಡಿ ಬಂದಿದ್ದೆ. ಅವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಬೀಗದ ಕೈ ಅವರ ಜೇಬಿನಲ್ಲಿತ್ತು.

ನನ್ನ ಕಿರುಚಾಟ ಕೇಳಿ ಅವರು ಓಡಿ ಬಂದರು. ಓಡಿದರು ಎಂದರೆ ಆ ಮೊಣಕಾಲಿನಲ್ಲಿ ಎಷ್ಟು ಓಡಲಾದೀತೋ ಅಷ್ಟು. "ಟೈರ್ ಕಾದೋಗಿತ್ತು ಕಣವ್ವ, ಗಟ್ಟಿ ಗಾಳಿ ಹೊಡೆದಿದ್ದೆ ಇವತ್ತು, ಅದಕ್ಕೇ..." ಎನ್ನುತ್ತ ಬೀಗದ ಕೈಯನ್ನು ಬೀಗಕ್ಕೆ ಹಾಕಲು ಹೋದರು. ಅವಸರಕ್ಕೆ ಅದು ಒಳಗೆ ಹೋಗಲಿಲ್ಲ. ಏಳನೆಯವಳು ಹೋದಳು, ಎಂಟನೆಯವಳು ಹೋದಳು, ಕೊನೆಯವಳೂ ಹೋದಳು. ನಾನು ಬೀಗದ ಕೈ ಕಿತ್ತುಕೊಂಡೆ. ಸುತ್ತ ಜನ ಇದ್ದರು, ಕಲಾವತಿ ಮೇಡಂ ಇದ್ದರು, ಕಾಫಿ ಕೊಟ್ಟವರೂ ಇದ್ದರು. ಎಲ್ಲರ ಮುಂದೆ ನಾನು ಹೇಳಿದೆ:

"ಅಪ್ಪ ಮಗ ಇಬ್ರೂ ಒಂದೇ. ನಾನು ಏನಾದ್ರೂ ಮುಗಿಸೋಕೆ ಹೊರಟ್ರೆ ಅಡ್ಡ ಬರೋದೇ ನಿಮ್ ಕೆಲಸ."

ಮಾವ ಟವೆಲ್ಲನ್ನು ಎದೆಗೆ ಹಿಡಿದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಹೊರಟೆ.

ಕನಕಪುರ ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋಗಿರಬೇಕು. ಬಿದಿರಿನಲ್ಲಿ ನನ್ನ ಪಕ್ಕಕ್ಕೇ ಸೈಕಲ್ ಒರಗಿಸಿದ್ದ ಹುಡುಗಿ ರಸ್ತೆ ಬದಿಯಲ್ಲಿ ನಿಂತು ಅಳುತ್ತಿದ್ದಳು. "ಟ್ಯೂಬ್ ಹೊಡೆದೋಯ್ತು ಆಂಟಿ. ಢಬ್ ಅಂತು!" ನನ್ನ ಕಾಲು ಒಂದು ಕ್ಷಣ ನಿಂತಿತು. ಇನ್ನೊಂದು ಕಿಲೋಮೀಟರಿಗೆ ಇನ್ನೊಬ್ಬಳು, ಅದೇ ಕತೆ. ಅವರ ಸೈಕಲ್ಲುಗಳು ಎರಡೂವರೆ ಗಂಟೆ ಬಿಸಿಲಲ್ಲಿ ನಿಂತಿದ್ದವು. ನನ್ನದು ನೆರಳಲ್ಲಿತ್ತು.

ಉಳಿದ ದೂರವನ್ನೆಲ್ಲ ನಾನು ಒಂದೇ ಯೋಚನೆಯಲ್ಲಿ ಕಳೆದೆ: ಹೋದ ಕೂಡಲೇ ಮಾವನಿಗೆ ಹೇಳಬೇಕು. ಓಡುವಾಗ ಕಾಲು ಮರದ ಕೊರಡಾಗಿತ್ತು, ಬಾಯಿ ಒಣಗಿತ್ತು, ಆದರೂ ಅದನ್ನೇ ಹೇಳಿಕೊಳ್ಳುತ್ತ ಓಡಿದೆ. ಎರಡು ಟ್ಯೂಬ್ ಹೊಡೆದವು ಮಾವ, ನಮ್ಮದು ಹೊಡೀಲಿಲ್ಲ. ಏಳನೆಯವಳಾಗಿ ಮುಗಿಸಿದೆ. ಇಬ್ಬರು ಅರ್ಧಕ್ಕೆ ನಿಂತಿದ್ದರಿಂದ ನನ್ನ ಹಿಂದೆ ಯಾರೂ ಇರಲಿಲ್ಲ. ಮುಗಿಸಿದ್ದಂತೂ ನಿಜ. ಕೊರಳಿಗೆ ಪದಕ ಹಾಕಿದರು, ಕಲಾವತಿ ಮೇಡಂ ತಬ್ಬಿಕೊಂಡರು. ಮಾವ ಎಲ್ಲಿ ಎಂದು ಹುಡುಕಿದೆ. ಬಿದಿರಿನ ಮೇಲೆ ಟವೆಲ್ ಮಡಚಿ ಇಟ್ಟಿತ್ತು. ಅದರ ಕೆಳಗೆ ನನ್ನ ಚಪ್ಪಲಿಯನ್ನು ಜೋಡಿಸಿ ಇಟ್ಟಿದ್ದರು. ಅವರು ಬಸ್ಸು ಹತ್ತಿ ಹೋಗಿಬಿಟ್ಟಿದ್ದರು.

ಮನೆಗೆ ಬಂದಾಗ ಸ್ನಾನದ ನೀರು ಕಾದಿತ್ತು. ಅನ್ನ, ಬಸ್ಸಾರು ಆಗಿತ್ತು. "ಮುಗೀತಾ?" ಎಂದರು. "ಮುಗೀತು" ಎಂದೆ. "ಒಳ್ಳೇದಾಯ್ತು" ಎಂದರು. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ನಮ್ಮಲ್ಲಿ ಯಾರಿಗಾದರೂ ಕಾಲು ತಗುಲಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಅಲ್ಲಿಗೆ ಮುಗಿಯಿತು. ಮಾತು ತಗುಲಿದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಉಂಡು ಮಲಗಿದೆ.

ಮರುದಿನ ಬೆಳಗ್ಗೆ ಸೈಕಲ್ ಬಾಗಿಲಲ್ಲಿರಲಿಲ್ಲ, ಒಳಗೆ ಗೋಡೆಗೆ ಒರಗಿತ್ತು. ಯಾರೂ ಒರೆಸಿರಲಿಲ್ಲ, ಗಾಳಿ ಹೊಡೆದಿರಲಿಲ್ಲ. ಒಂದು ವಾರವಾದರೂ ಅವರು ಅದನ್ನು ಮುಟ್ಟಲಿಲ್ಲ. ನನಗೆ ಮತ್ತೆ ಸಿಟ್ಟು ಬಂತು. ಇಷ್ಟು ದೊಡ್ಡವರು ಒಂದು ಮಾತಿಗೆ ಹೀಗಾ? ಬೈದುಬಿಡಬಾರದಾ ನನ್ನನ್ನು? ಅವರು ಬೈಯಲಿ ಎಂದು ನಾನು ಕಾದೆ. ಅವರು ಯಾವುದಕ್ಕೆ ಕಾದರೋ ನಾನು ಕೇಳಲಿಲ್ಲ. ಎರಡು ತಿಂಗಳು ನಾವು ಉಪ್ಪು ಹಾಕಲಾ, ಹಾಲು ಬಂತಾ ಎಂದಷ್ಟೇ ಮಾತಾಡಿದೆವು. ಟೈರುಗಳು ಮೆಲ್ಲಗೆ ಗಾಳಿ ಬಿಟ್ಟು ನೆಲಕ್ಕೆ ಅಂಟಿಕೊಂಡವು.

ಆಷಾಢದಲ್ಲಿ ಒಂದು ಬೆಳಗ್ಗೆ ಮಾವ ಬ್ಯಾಗ್ ಹಿಡಿದು ನಿಂತಿದ್ದರು.

"ಗಿರೀಶ ಕರೀತಾವ್ನೆ. ಸ್ವಲ್ಪ ದಿನ ಅಲ್ಲಿರ್ತೀನಿ. ಮನೆ ನೋಡ್ಕೋ. ಹೋಗಿ ಬರ್ತೀನಿ ಕಣವ್ವ."

ಮನೆ ಅವರದು. ಹೊರಗೆ ಹೊರಟವರು ಅವರು. ಅಂದು ಅವರು ಬಾಗಿಲಿಗೆ ಅಡ್ಡ ಕುಳಿತು ನನ್ನನ್ನು ನಿಲ್ಲಿಸಿಕೊಂಡಿದ್ದರು. ನಾನೂ ಅಡ್ಡ ಕೂರಬಹುದಿತ್ತು, ಟೀ ಇಡ್ತೀನಿ ಕೂತ್ಕೊಳ್ಳಿ ಎನ್ನಬಹುದಿತ್ತು. "ತಿಂಡಿ ತಿಂದ್ಕೊಂಡು ಹೋಗಿ" ಎಂದೆ. "ಆಯ್ತು ಬಿಡು" ಎಂದರು. ಹೋಗುವಾಗ ಸೈಕಲ್ಲಿನ ಪಕ್ಕ ಒಮ್ಮೆ ನಿಂತರು. ಕೈ ಟೈರಿನ ಕಡೆಗೆ ಹೋಯಿತು, ಮುಟ್ಟದೆ ಹಿಂದಕ್ಕೆ ಬಂತು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ.

ಬನಶಂಕರಿ ಎಷ್ಟು ದೂರ? ಒಂದು ಬಸ್ಸು. ಆ ಮನೆಯ ಮೆಟ್ಟಿಲು ಹತ್ತುವುದು ಹೇಗೆ ಎಂಬ ಬಿಗುಮಾನದಲ್ಲಿ ದಸರಾ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯ ಎಳ್ಳನ್ನು ಡಬ್ಬಿಗೆ ಹಾಕಿಟ್ಟು ಹಾಗೇ ಬಿಟ್ಟೆ. ಫೆಬ್ರವರಿಯಲ್ಲಿ ಡಿಪೋದ ಗೆಳೆಯರೊಬ್ಬರು ಲ್ಯಾಬಿಗೇ ಫೋನ್ ಮಾಡಿದರು. "ಪುಟ್ಟಸ್ವಾಮಿ ಹೋಗ್ಬಿಟ್ಟ ಕಣಮ್ಮ. ಬೆಳಗ್ಗೆ ಎದೆ ನೋವು ಅಂದನಂತೆ, ಅಷ್ಟೇ."

ಹೋದೆ. ಗಿರೀಶನ ಮನೆಯ ಮುಂದೆ ರಸ್ತೆಯಲ್ಲಿ ಅವರನ್ನು ಮಲಗಿಸಿದ್ದರು. ಗೇಟಿನ ಬಳಿ ನಿಂತ ನನ್ನನ್ನು ಎಲ್ಲರೂ ನೋಡಿದರು, ಯಾರೂ ಕರೆಯಲಿಲ್ಲ. ಗಿರೀಶನೇ ಬಂದ. ಅವನ ಮುಖ ನೋಡಿ ಎರಡು ವರ್ಷವಾಗಿತ್ತು. ಅತ್ತು ಅತ್ತು ಕಣ್ಣು ಊದಿತ್ತು.

"ಮಾವ ಏನಾದ್ರೂ ಹೇಳ್ತಿದ್ರಾ, ನನ್ ಬಗ್ಗೆ?" ಎಂದು ಕೇಳಿದೆ.

"ಒಂದೇ ಹೇಳ್ತಿದ್ರು. ಅವಳ ರೇಸು ನನ್ನಿಂದ ಕೆಟ್ಟೋಯ್ತು ಅಂತ. ನನ್ ಮುಖ ನೋಡ್ದಾಗೆಲ್ಲ ಅವಳಿಗೆ ನೀನೇ ಕಾಣ್ತೀಯ ಕಣೋ ಗಿರೀಶ, ಅದಕ್ಕೇ ಬಂದ್ಬಿಟ್ಟೆ, ಅವಳಾದ್ರೂ ನೆಮ್ಮದಿಯಾಗಿರ್ಲಿ ಅಂತ."

ನನ್ನ ಮಾತಿಗೆ ಅವರು ಮುನಿಸಿಕೊಂಡಿದ್ದಾರೆ ಎಂದೇ ಅಷ್ಟು ತಿಂಗಳು ಅಂದುಕೊಂಡಿದ್ದೆ. ಅವರು ಮುನಿಸಿಕೊಂಡಿರಲಿಲ್ಲ. ನಂಬಿಬಿಟ್ಟಿದ್ದರು.

ಶಾಮಿಯಾನ ಇನ್ನೂ ಬಂದಿರಲಿಲ್ಲ. ಬಿಸಿಲು ಅವರ ಕಾಲ ಮೇಲೆ ಬಿದ್ದು ಮೊಣಕಾಲಿನ ತನಕ ಏರಿತ್ತು. "ನೆರಳಿಗೆ ತನ್ನಿ" ಎಂದೆ. ಯಾರೂ ಅಲುಗಲಿಲ್ಲ. ನಾನೇ ಹೋಗಿ ತಲೆಯ ಕಡೆ ಹಿಡಿದೆ, ಗಿರೀಶ ಕಾಲಿನ ಕಡೆ ಹಿಡಿದ, ಇನ್ನಿಬ್ಬರು ಕೈ ಹಾಕಿದರು. ಕಾಂಪೌಂಡಿನ ಪಕ್ಕದ ಮರದ ಕೆಳಗೆ ಇಟ್ಟೆವು. ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಹಿರಿಯ ಹೆಂಗಸೊಬ್ಬರು, "ಇವಳು ಹಾಕಬಹುದಾ?" ಎಂದರು. "ಹಾಕ್ಲಿ ಬಿಡಿ" ಎಂದ ಗಿರೀಶ.

ನಾಲ್ಕು ಕಾಳು ಹಾಕಿದೆ. ಅವರ ಬಲಗೈಯ ಹೆಬ್ಬೆಟ್ಟನ್ನು ಹಿಡಿದುಕೊಂಡೆ, ಕಣ್ಣಿಗೆ ಒತ್ತಿಕೊಂಡೆ. ಕಿವಿಯ ಹತ್ತಿರ ಬಗ್ಗಿದೆ. ಹತ್ತು ತಿಂಗಳು ಬಾಯಲ್ಲೇ ಇದ್ದದ್ದನ್ನು ಹೇಳಿದೆ. ಸುತ್ತಲಿದ್ದವರು ದುಃಖಕ್ಕೆ ಬುದ್ಧಿ ಕದಡಿದೆ ಎಂದುಕೊಂಡಿರಬೇಕು.

"ಮಾವ, ಅವತ್ತು ಬಿಸಿಲಲ್ಲಿದ್ದ ಎರಡು ಸೈಕಲ್ಲಿನ ಟ್ಯೂಬ್ ಹೊಡೆದೋದ್ವು. ನಮ್ಮದು ಹೊಡೀಲಿಲ್ಲ."